ಸಿಡಿಮಿಡಿಯ ಓದುಗರು

ಕ್ಯಾಂಟೀನಿನ ಹೆಂಗಸು ಚಹಾ ಕೊಡುವಾಗ ಲೋಟದ ಜೊತೆಗೆ ಅವಳ ಬೆರಳುಗಳನ್ನೂ ಹಿಡಿದುಕೊಂಡಳು, ಹಿಡಿದವಳು ಬಿಡಲಿಲ್ಲ. ಲೋಟ ಸುಡುತ್ತಿತ್ತು. ಬಿಡ್ರೀ, ಕೈ ಸುಡ್ತಿದೆ ಎನ್ನಬೇಕೆಂದು ತಲೆಯೆತ್ತಿದರೆ ಆಕೆಯ ಕಣ್ಣುಗಳು ತುಂಬಿಕೊಂಡಿದ್ದವು. ‘ಅದು ಹೇಗೆ ತಡ್ಕೊಂಡ್ರಿ ಮೇಡಂ’ ಎಂದಳು. ಯಾವುದನ್ನು ತಡೆದುಕೊಂಡೆ ಎಂದು ತಿಳಿಯದೆ ಅವಳು ಹೂಂ ಎಂದು ಗೋಣು ಹಾಕಿ, ಲೋಟವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಹೊರಬಂದಳು. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳನ್ನು ಕಂಡವರು ನಗುವುದು ವಾಡಿಕೆ. ಗಂಡ ವಾರಕ್ಕೊಮ್ಮೆ ಓದುಗರಿಗೆ ಬರೆಯುವ ಇ-ಮೇಲ್ ಪತ್ರ ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ, ಬೆಳಗಿನ ಪಾಳಿಯವರು ಬಸ್ಸಿನಲ್ಲೇ ಓದಿ ಮುಗಿಸಿರುತ್ತಾರೆ, ‘ಸಿಡಿಮಿಡಿ ಮೇಡಂ, ಪಾಪ ಆ ಕೊಡೆ ಏನು ತಪ್ಪು ಮಾಡಿತ್ತು?’ ಎಂದು ಯಾರಾದರೊಬ್ಬರು ಕೇಳುತ್ತಾರೆ, ಅವಳು ಹಲ್ಲು ಕಚ್ಚಿಕೊಂಡೇ ನಗುತ್ತಾಳೆ. ಇವತ್ತು ಯಾರೂ ನಗಲಿಲ್ಲ. ಲಿಫ್ಟಿನಲ್ಲಿದ್ದ ಇಬ್ಬರು ನರ್ಸುಗಳು ಅವಳು ಒಳಬಂದದ್ದೇ ಮಾತು ನಿಲ್ಲಿಸಿದರು. ಸ್ವಾಗತದ ಮೇಜಿನವಳು ಎದ್ದು ಬಂದು ಅಪ್ಪಿಕೊಂಡಳು. ಅಪ್ಪಿಕೊಳ್ಳುವಷ್ಟು ಸಲಿಗೆ ಅವರಿಬ್ಬರ ನಡುವೆ ಎಂದೂ ಇರಲಿಲ್ಲ. ಹೋದ ತಿಂಗಳು ಫ್ಯಾನಿನ ಕೆಳಗಿನ ಕುರ್ಚಿಗಾಗಿ ಇಬ್ಬರೂ ಎಲ್ಲರೆದುರು ಕಿತ್ತಾಡಿದ್ದರು. ಆಕೆಯ ಭುಜಕ್ಕೆ ಗಲ್ಲ ಒತ್ತಿಸಿಕೊಂಡು, ಚಹಾ ಚೆಲ್ಲದ ಹಾಗೆ ಕೈ ದೂರ ಹಿಡಿದು ನಿಂತವಳಿಗೆ, ಯಾರೋ ಸತ್ತಿದ್ದಾರೆ, ನನಗೊಬ್ಬಳಿಗೆ ಗೊತ್ತಾಗಿಲ್ಲ ಅನ್ನಿಸಿತು.

ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ರೋಗಿಗಳು ಬಟ್ಟೆ ಬದಲಿಸುವ ಒಂದು ಗೂಡಿದೆ. ಒಂದು ಸ್ಟೂಲು, ಗೋಡೆಗೆ ಎರಡು ಕೊಕ್ಕೆ, ತೊಳೆದು ತೊಳೆದು ಬಣ್ಣ ಬಿಟ್ಟ ನಿಲುವಂಗಿಗಳು. ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪತ್ರ ತೆರೆದಳು. ಪ್ರತಿ ಗುರುವಾರ ಸಂಜೆ ಪತ್ರವನ್ನು ಓದಿ ತಪ್ಪು ತಿದ್ದುವುದು ಅವಳೇ. ನಿನ್ನೆ ಎರಡು ಪಾಳಿ ಒಟ್ಟಿಗೆ ಮಾಡಿ ಬಂದು ಊಟವೂ ಇಲ್ಲದೆ ಬಿದ್ದುಕೊಂಡಿದ್ದಳು. ‘ಎಬ್ಬಿಸೋಕೆ ಮನಸ್ಸಾಗ್ಲಿಲ್ಲ ಕಣೇ, ನಾನೇ ನೋಡ್ಕೊಂಡು ಕಳಿಸ್ದೆ’ ಎಂದು ಅವನು ಬೆಳಿಗ್ಗೆ ಹೇಳಿದಾಗ ಎಷ್ಟು ಒಳ್ಳೆಯವನು ಎಂದುಕೊಂಡು, ಬಸ್ಸಿನ ಕಿಟಕಿಗೆ ತಲೆ ಆನಿಸಿ ಪೆದ್ದಿಯ ಹಾಗೆ ಒಬ್ಬಳೇ ಮುಗುಳ್ನಕ್ಕಿದ್ದಳು. ಪತ್ರದ ತಲೆಬರಹ ‘ಉಸಿರು ಹಿಡ್ಕೊಳ್ಳಿ’ ಎಂದಿತ್ತು. ಮೊದಲ ಸಾಲಿನಲ್ಲೇ ಅವಳ ತಂಗಿ ಇದೇ ಗೂಡಿನಿಂದ ಹೊರಬರುತ್ತಿದ್ದಳು, ಮೈಗೆ ದೊಡ್ಡದಾದ ನಿಲುವಂಗಿ ತೊಟ್ಟು. ಎರಡನೆಯ ಪ್ಯಾರಾದಲ್ಲಿ ಪರದೆಯ ಮೇಲೆ ಆ ಬಿಳಿ ಮಚ್ಚೆ ಮೂಡಿತ್ತು. ಮೂರನೆಯದರಲ್ಲಿ ಅಕ್ಕ, ಅಂದರೆ ಇವಳು, ಏನೂ ಇಲ್ಲ ಬಟ್ಟೆ ಹಾಕ್ಕೊ ಎಂದಿದ್ದಳು. ಅಲ್ಲಿಂದ ಮುಂದೆ ಅವಳು ಒಂದೊಂದು ಸಾಲನ್ನೂ ಎರಡೆರಡು ಸಲ ಓದಬೇಕಾಯಿತು, ಕಣ್ಣು ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ. ಪತ್ರ ಚೆನ್ನಾಗಿತ್ತು. ಹಾಳಾದ್ದು, ಅವನು ಇಷ್ಟು ದಿನ ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿತ್ತು. ಒಂದು ಕಡೆ ಮಾತ್ರ ಎಡಗಡೆಯ ಶ್ವಾಸಕೋಶ ಎಂದು ಬರೆದಿದ್ದ. ಬಲಗಡೆ ಕಣೋ ಎಂದು ಅವಳ ತಲೆ ತಾನಾಗಿಯೇ ತಿದ್ದಿತು, ಹಾಗೆ ತಿದ್ದಿದ್ದಕ್ಕೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಹೊರಗೆ ಯಾರೋ ಬಾಗಿಲು ತಟ್ಟಿದರು. ಕೈಯಲ್ಲಿ ಚೀಟಿ ಹಿಡಿದ ಮುದುಕ, ಒಂದು ವಾರದಿಂದ ಕೆಮ್ಮು. ಅವನ ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, ಗದ್ದ ಮೇಲೆ ಮಾಡಿಸಿ, ಮೊಣಕೈಗಳನ್ನು ಮುಂದಕ್ಕೆ ತಿರುಗಿಸಿ, ಗಾಜಿನ ಹಿಂದೆ ಬಂದು ಗುಂಡಿಯ ಮೇಲೆ ಬೆರಳಿಟ್ಟಳು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಹೇಳುವ ಆ ಎರಡು ಶಬ್ದ ಬಾಯಿಂದ ಹೊರಡಲಿಲ್ಲ. ಅರ್ಧ ತೆರೆದ ಬಾಗಿಲಿನಾಚೆ ಸ್ವಾಗತದವಳು ಫೈಲು ಜೋಡಿಸುವ ನೆಪದಲ್ಲಿ ನಿಂತಿದ್ದಳು. ಕೇಳಿಸಿಕೊಳ್ಳಲು ನಿಂತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಉಸಿರು ಹಿಡ್ಕೊಳ್ಳಿ ಎಂದು ಇವಳು ಅನ್ನಬೇಕು, ಆಕೆಯ ಗಂಟಲು ಉಬ್ಬಿ ಬರಬೇಕು. ‘ಅಲ್ಲಾಡ್ಬೇಡಿ’ ಎಂದಳು. ಮುದುಕ ಅಲ್ಲಾಡಲಿಲ್ಲ, ಆದರೆ ಉಸಿರಾಡಿದ. ಚಿತ್ರ ಮಸುಕಾಗಿ ಬಂತು. ಮತ್ತೊಮ್ಮೆ ತೆಗೆಯಬೇಕಾಯಿತು. ‘ಏನಾದ್ರೂ ಕಾಣ್ಸಿತಾ ತಾಯಿ?’ ಎಂದು ಮುದುಕ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ. ಎಲ್ಲರೂ ಕೇಳುತ್ತಾರೆ. ಹೇಳಬಾರದು ಎಂಬುದು ಈ ಕೆಲಸದ ಮೊದಲ ಪಾಠ. ನೋಡುವವಳು ನೀನು, ಹೇಳುವವರು ಡಾಕ್ಟರು. ಹಾಗಾಗಿ ಮುಖಕ್ಕೆ ಒಂದು ಅಭ್ಯಾಸ ಮಾಡಿಸಬೇಕಾಗುತ್ತದೆ, ಗಾಜಿನ ಹಿಂದಿನ ಮುಖ. ಅವಳು ಆ ಮುಖ ತೊಟ್ಟು, ‘ಡಾಕ್ಟರು ನೋಡಿ ಹೇಳ್ತಾರೆ’ ಎಂದಳು. ಮುದುಕನಿಗೆ ನಿಜಕ್ಕೂ ಏನೂ ಇರಲಿಲ್ಲ.

ಎಲ್ಲಕ್ಕೂ ಶುರು ಮಾಡಿಸಿದ್ದು ಯಾರು? ತಾನೇ. ಅದನ್ನು ನೆನೆದಾಗ ಸಿಟ್ಟು ಯಾರ ಮೇಲೆ ಹರಿಯಬೇಕೆಂದು ತಿಳಿಯದೆ ಅವಳ ಕಿವಿಯೇ ಬಿಸಿಯಾಗುತ್ತದೆ. ಗಂಡ ಉಪಸಂಪಾದಕನಾಗಿದ್ದ ವಾರಪತ್ರಿಕೆ ಮುಚ್ಚಿ, ಅವನು ಮನೆಯಲ್ಲಿ ಹಗಲೆಲ್ಲ ಸಾಕ್ಸು ಹಾಕಿಕೊಂಡು ಕಿಟಕಿಯ ಹತ್ತಿರ ನಿಲ್ಲತೊಡಗಿದ್ದ. ಬೈದರೆ ಬೈಸಿಕೊಳ್ಳುತ್ತಿದ್ದ. ಹಾಗೆ ನಿಂತ ಗಂಡಸನ್ನು ನೋಡಲಾರದೆ, ‘ಏನಾದ್ರೂ ಬರಿಯಪ್ಪಾ, ಯಾರೂ ಹಾಕ್ಕೊಳ್ದಿದ್ರೆ ನೀನೇ ಮೇಲ್ ಮಾಡು, ಈಗ ಎಲ್ಲರೂ ಅದನ್ನೇ ಮಾಡ್ತಾರೆ’ ಎಂದವಳು ಅವಳು. ‘ಮನೆಸಾಮಾನು’ ಎಂದು ಹೆಸರಿಟ್ಟು ಅವನು ಬಾಗಿಲ ಕೀಲಿನ ಚರಿತ್ರೆ ಬರೆದ, ಗುಂಡುಸೂಜಿಯ ಚರಿತ್ರೆ ಬರೆದ, ಕೊಡೆಯ ಕಡ್ಡಿಗಳು ಎಂಟೇ ಏಕೆ ಎಂದು ಮೂರು ವಾರ ಬರೆದ. ಓದುಗರನ್ನು ಕೂಡಿಸಿದವಳು ಇವಳು. ಕ್ಯಾಂಟೀನಿನ ಗೋಡೆಗೆ ಕಾಗದ ಅಂಟಿಸಿ ಪೆನ್ನನ್ನು ದಾರದಲ್ಲಿ ಕಟ್ಟಿ ಬಂದಳು. ಪಾಳಿ ಬದಲಾಗುವ ಹೊತ್ತಿನಲ್ಲಿ ಗೇಟಿನ ಹತ್ತಿರ ನಿಂತು, ಸಾಬೂನು ಮಾರುವವಳ ಹಾಗೆ, ಒಂದೇ ಒಂದು ವಾರ ಓದಿ ನೋಡಿ, ಬೇಡವಾದರೆ ಬಿಡಿ ಎಂದು ಹಲ್ಲು ಗಿಂಜಿದಳು. ಒಂದು ಭಾನುವಾರವೆಲ್ಲ ಕೂತು ತನ್ನ ಫೋನಿನಲ್ಲಿದ್ದ ಅಷ್ಟೂ ವಿಳಾಸಗಳನ್ನು ಒಬ್ಬರನ್ನೂ ಕೇಳದೆ ತುಂಬಿದಳು, ಹಲ್ಲಿನ ಡಾಕ್ಟರು, ನಲ್ಲಿ ರಿಪೇರಿಯವನು, ಹಳೆಯ ಸಹಪಾಠಿಗಳು, ಕೊನೆಗೆ ತಂಗಿಯ ಮಗಳು. ತಂಗಿ ತೀರಿಕೊಂಡು ಆಗ ಆರು ತಿಂಗಳೂ ಆಗಿರಲಿಲ್ಲ. ತಂಗಿಗೆ ಇದ್ದವಳು ಈ ಮಗಳೊಬ್ಬಳೇ, ಈ ಮಗಳಿಗೆ ಉಳಿದವಳು ದೊಡ್ಡಮ್ಮನೊಬ್ಬಳೇ. ಓದದಿದ್ದರೂ ವಾರಕ್ಕೊಮ್ಮೆ ನಮ್ಮ ಮನೆಯದು ಅಂತ ಏನಾದರೂ ಅವಳಿಗೆ ತಲುಪಲಿ ಎಂದುಕೊಂಡಿದ್ದಳು.

ಕೀಲು ಗುಂಡುಸೂಜಿಗಳನ್ನು ಯಾರೂ ಓದಲಿಲ್ಲ. ಓದುಗರನ್ನು ಬೆಳೆಸುವುದು ಹೇಗೆ ಎಂದು ಕಂಪ್ಯೂಟರಿನಲ್ಲಿ ಪಾಠ ಹೇಳುವ ಒಬ್ಬನನ್ನು ಗಂಡ ಹಿಡಿದ. ಹೊಳೆಯುವ ಹಲ್ಲುಗಳ ಆ ಮೇಷ್ಟ್ರು, ‘ಸರ್, ಜನಕ್ಕೆ ವಸ್ತು ಬೇಡ, ಮನುಷ್ಯರು ಬೇಕು. ನಿಮ್ಮನೇಲಿ ಯಾರೂ ಮನುಷ್ಯರಿಲ್ವಾ?’ ಎಂದು ಕೇಳಿದ್ದು ಅಡುಗೆಮನೆಯಲ್ಲಿದ್ದ ಅವಳಿಗೂ ಕೇಳಿಸಿತ್ತು. ಆ ವಾರ ಅವಳು ಬಿಚ್ಚಿಕೊಳ್ಳದ ಕೊಡೆಯೊಂದನ್ನು ಬಸ್ ನಿಲ್ದಾಣದಲ್ಲಿ ಬೈದು, ಕಂಬಕ್ಕೆ ಬಡಿದು ಮನೆಗೆ ಬಂದಿದ್ದಳು. ಅದನ್ನವನು ಬರೆದ. ಅವಳಿಗೆ ಸಿಡಿಮಿಡಿ ಎಂದು ಹೆಸರಿಟ್ಟ. ಅವಳೇ ಓದಿ ನಕ್ಕು, ಒಂದೆರಡು ಕಡೆ ತಿದ್ದಿ ಕೊಟ್ಟಳು, ಏಕೆಂದರೆ ಅವನು ಬಹಳ ದಿನಗಳ ಮೇಲೆ ಸಾಕ್ಸು ಬಿಚ್ಚಿ ಮನೆಯಲ್ಲಿ ಓಡಾಡುತ್ತಿದ್ದ. ಒಬ್ಬರು ಇನ್ನೊಬ್ಬರಿಗೆ ಕಳಿಸಿ, ಅವರು ಮತ್ತೊಬ್ಬರಿಗೆ ಕಳಿಸಿ, ನೂರು ಓದುಗರು ಸಾವಿರವಾಗಿ, ಸಾವಿರ ನಾಲ್ಕು ಸಾವಿರವಾಗಿ ಬೆಳೆದರು. ‘ಸಿಡಿಮಿಡಿ ಬಾಗಿಲು ಬಡಿಯುವ ಐದು ವಿಧಾನಗಳು’ ಎಂಬ ಪತ್ರವನ್ನು ಜನ ಈಗಲೂ ಬಾಯಿಪಾಠ ಒಪ್ಪಿಸುತ್ತಾರೆ. ಅದರ ನಂತರ ಅವಳು ಬಾಗಿಲು ಬಡಿಯುವುದನ್ನು ಬಿಟ್ಟಳು. ಬಡಿದರೆ ಅವನು ಒಳಗಿನಿಂದ ‘ನಾಲ್ಕನೇದು!’ ಎಂದು ಕೂಗಿ ನಗುತ್ತಿದ್ದ. ಅವಳು ನಿಜವಾಗಿ ರೇಗಿ ಮಾತಾಡಿದರೂ ಅವನು ತಲೆ ಸ್ವಲ್ಪ ಓರೆ ಮಾಡಿ, ತುಟಿ ಮೆಲ್ಲಗೆ ಅಲ್ಲಾಡಿಸುತ್ತ ಕೇಳುತ್ತಾನೆ, ಮರೆತುಹೋಗದ ಹಾಗೆ ಒಳಗೊಳಗೇ ಹೇಳಿಕೊಳ್ಳುತ್ತಿದ್ದಾನೆ. ಮನೆಯ ಸಾಮಾನುಗಳಲ್ಲಿ ತಾನೂ ಒಂದಾಗಿ, ಸಿಟ್ಟು ಬಂದರೆ ಸದ್ದು ಮಾಡುವ ಸಾಮಾನಾಗಿ, ತನ್ನ ಸಿಟ್ಟು ಊರವರಿಗೆಲ್ಲ ಮುದ್ದಾಗಿ, ಯಾರ ಮೇಲೆ ಸಿಟ್ಟು ಬಂದಿದೆಯೋ ಅವರಿಗೆ ಮಾತ್ರ ತಾಗದ ಹಾಗೆ ಆದದ್ದು ಯಾವಾಗ ಎಂದು ಅವಳಿಗೆ ಹೇಳಲು ಬರುವುದಿಲ್ಲ. ಗುರುವಾರ ಗುರುವಾರ ಅದನ್ನೆಲ್ಲ ತಿದ್ದಿ ಕೊಟ್ಟವಳು ಮಾತ್ರ ತಾನೇ.

ಆದರೆ ತಂಗಿಯ ವಿಷಯ ಬೇರೆ. ಅದನ್ನು ಅವಳು ಒಮ್ಮೆ ಮಾತ್ರ ಹೇಳಿದ್ದು, ಕಾರಿನಲ್ಲಿ, ಕಿಟಕಿ ಪರದೆಯ ಸರಳು ಕೊಳ್ಳಲು ಹೋಗಿ ಅಂಗಡಿಯ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದ್ದಾಗ. ಸೀಟು ಪಟ್ಟಿ ಬಿಚ್ಚಲು ಹೋದ ಕೈ ಹಾಗೇ ನಿಂತಿತ್ತು. ಒಂದು ದಿನ ತಂಗಿ ಕೆಮ್ಮು ಹೋಗುತ್ತಿಲ್ಲವೆಂದು ಎಕ್ಸ್‌ರೇಗೆ ಬಂದಳು. ‘ಈ ಅಂಗೀಲಿ ನಾನು ದಿಂಬಿನ ಕವರ್ ಥರ ಇದೀನಿ ನೋಡು’ ಎಂದು ಒಂದು ಸುತ್ತು ತಿರುಗಿದಳು. ಉಸಿರು ಹಿಡಿ ಎಂದರೆ ಗಲ್ಲ ಉಬ್ಬಿಸಿ ತಮಾಷೆ ಮಾಡಿದಳು. ಆಮೇಲೆ ಪರದೆಯ ಮೇಲೆ ಚಿತ್ರ ಬಂತು. ಇಷ್ಟು ವರ್ಷದಲ್ಲಿ ಅಂಥವು ಎಷ್ಟು ನೋಡಿಲ್ಲ, ಡಾಕ್ಟರು ನೋಡಬೇಕಾದ ಅಗತ್ಯವೇ ಇರಲಿಲ್ಲ. ‘ಏನೇ, ನಿನ್ನ ಮುಖ ಯಾಕೆ ಹಾಗಿದೆ?’ ಎಂದಳು ತಂಗಿ. ‘ನನ್ನ ಮುಖ ಇರೋದೇ ಹೀಗೆ. ಏನೂ ಇಲ್ಲ, ಬಟ್ಟೆ ಹಾಕ್ಕೊ.’ ವರದಿ ಬರೆಯುವ ಡಾಕ್ಟರು ಶನಿವಾರದವರೆಗೆ ರಜೆ. ತಂಗಿ ಮರುದಿನ ಜೊತೆಯ ಟೀಚರುಗಳೊಡನೆ ಸಮುದ್ರಕ್ಕೆ ಹೋಗುವುದಿತ್ತು. ಹೋದಳು. ಮೂರು ದಿನ ಅಲ್ಲಿಂದ ಫೋಟೋ ಕಳಿಸಿದಳು, ಅಲೆಯೊಳಗೆ ಮೊಣಕಾಲು ಮಟ್ಟ ನಿಂತು, ಯಾರನ್ನೋ ನೋಡಿ ಬಾಯಿ ತುಂಬ ನಗುತ್ತ. ಅದನ್ನು ಹೇಳುವಾಗ ಕಾರಿನಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಸಮಾಧಾನ ಹೇಳಲಿಲ್ಲ, ಬೆನ್ನು ಸವರಲಿಲ್ಲ, ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತ ಕೂತಿದ್ದ. ಆ ಮೌನಕ್ಕಾಗಿ ಅವಳಿಗೆ ಅವನ ಮೇಲೆ ಅಂದು ಎಂಥ ಪ್ರೀತಿ ಬಂದಿತ್ತೆಂದರೆ, ಸರಳು ಕೊಳ್ಳದೆಯೇ ಇಬ್ಬರೂ ಮನೆಗೆ ವಾಪಸಾಗಿದ್ದರು. ಥೂ, ಆಗಲೂ ಅವನ ತುಟಿ ಅಲ್ಲಾಡುತ್ತಿತ್ತೇ? ಕತ್ತಲಲ್ಲಿ ಅವಳು ನೋಡಿರಲಿಲ್ಲ.

ತಂಗಿಯ ಮಗಳಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ‘ಒಂದ್ಸಲ ಫೋನ್ ಮಾಡು ಪುಟ್ಟಿ’ ಎಂದು ಸಂದೇಶ ಕಳಿಸಿದಳು. ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಗಿರಾಕಿ ಇದ್ದಿರಬಹುದು. ಪತ್ರ ನೋಡಿರಲಾರಳು. ಈಗಿನ ಮಕ್ಕಳು ಇ-ಮೇಲ್ ಎಲ್ಲಿ ನೋಡುತ್ತಾರೆ? ಹೀಗೆ ಒಂದೊಂದೇ ಸುಳ್ಳನ್ನು ಎತ್ತಿ ತನಗೆ ತಾನೇ ತಿನ್ನಿಸಿಕೊಳ್ಳುತ್ತ ಅವಳು ಎರಡು ಮೊಣಕಾಲು, ಒಂದು ಮಣಿಕಟ್ಟು ಮುಗಿಸಿದಳು. ಅಮ್ಮನಿಗೆ ಗೊತ್ತಾಗುವ ಮೊದಲೇ ದೊಡ್ಡಮ್ಮನಿಗೆ ಗೊತ್ತಿತ್ತು ಎಂಬುದು ಆ ಹುಡುಗಿಗೆ ತಿಳಿಯದು. ಹೇಳಬೇಕೆಂದು ಎಷ್ಟೋ ಸಲ ಹೊರಟು, ಅವಳ ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಜ್ವರ ಬಿಡಲಿ ಎಂದು ಮುಂದೆ ಹಾಕಿ, ಹೇಳುವ ಹೊತ್ತು ಮೀರಿಯೇಹೋಗಿತ್ತು. ಈಗ ನಾಲ್ಕು ಸಾವಿರ ಜನರ ಜೊತೆ ಸಾಲಿನಲ್ಲಿ ನಿಂತು ಅವಳೂ ಓದಿಕೊಳ್ಳಬೇಕು.

ಮಧ್ಯಾಹ್ನ ವರದಿ ಬರೆಯುವ ಡಾಕ್ಟರೇ ಕರೆಸಿದರು. ಕೂರಿ ಎಂದರು, ಹದಿನಾರು ವರ್ಷದಲ್ಲಿ ಮೊದಲ ಸಲ. ‘ನಿಮ್ಮ ಯಜಮಾನ್ರದ್ದು ಓದ್ದೆ. ಅಲ್ರೀ, ಸ್ವಂತ ತಂಗಿ ಎದುರಿಗಿದ್ರೂ ನೀವು ನಿಯಮ ಮುರೀಲಿಲ್ಲ. ಹೊಸದಾಗಿ ಸೇರೋರಿಗೆಲ್ಲ ಇದನ್ನ ಓದಿಸ್ಬೇಕು ಅಂತಿದೀನಿ.’ ನಿಯಮಕ್ಕಾಗಿ ಅಲ್ಲ ಸರ್ ಎನ್ನಬೇಕೆಂದು ಬಾಯಿ ತೆರೆದಳು. ಮತ್ತೆ ಯಾತಕ್ಕಾಗಿ ಎಂದು ಕೇಳಿಯಾರು ಎಂದು ಮುಚ್ಚಿದಳು. ‘ಒಂದು ತಪ್ಪಿದೆ, ಎಡ ಅಂತ ಬರೆದಿದ್ದಾರೆ, ಅದು ಬಲ ಅಲ್ವಾ? ಹಳೇ ಫಿಲ್ಮ್ ತೆಗೆಸಿ ನೋಡ್ದೆ’ ಎಂದರು ಅವರು. ತಂಗಿಯ ಎದೆ ಮತ್ತೆ ಪರದೆಯ ಮೇಲೆ ಬಂದಿತ್ತು, ಇವತ್ತು ಬೆಳಿಗ್ಗೆ, ಒಂದು ಕುತೂಹಲಕ್ಕೆ. ಅವಳು ಎದ್ದು ನಿಂತಳು. ಬಾಗಿಲ ಹತ್ತಿರ ಸ್ವಾಗತದವಳು ಕಾದಿದ್ದಳು, ‘ನಮ್ಮಕ್ಕಂಗೂ ಕಳಿಸ್ದೆ ಮೇಡಂ, ಅವಳೂ ತುಂಬಾ ಅತ್ಲಂತೆ’ ಎಂದಳು. ‘ನಿಮ್ಮಕ್ಕ ಯಾಕ್ರೀ ಅಳ್ಬೇಕು? ಅವಳಿಗೇನು ಬಂದಿದೆ ದೊಡ್ಡ ರೋಗ?’ ಎಂದು ಅವಳು ಇಡೀ ಕಾರಿಡಾರಿಗೆ ಕೇಳುವ ಹಾಗೆ ಕಿರುಚಿದಳು. ಸ್ವಾಗತದವಳು ಬೆಪ್ಪಾಗಿ ನಿಂತವಳು ಮೆಲ್ಲಗೆ ನಕ್ಕು, ಕಣ್ಣೊರೆಸಿಕೊಂಡು, ‘ನಿಮಗೆ ಸಿಡಿಮಿಡಿ ಅಂತ ಸುಮ್ನೆ ಹೆಸರಿಟ್ಟಿಲ್ಲ ಬಿಡಿ’ ಎಂದಳು. ಅವಳು ಅರ್ಧ ದಿನದ ರಜೆ ಹಾಕಿ ಹೊರಟಳು.

ಗಂಡ ಕಂಪ್ಯೂಟರಿನ ಮುಂದೆ ಕೂತಿದ್ದವನು ಅವಳನ್ನು ಕಂಡು ಎದ್ದ, ಮತ್ತೆ ಕೂತ. ಮುಖದಲ್ಲಿ ಹೆದರಿಕೆಯೂ ಖುಷಿಯೂ ಒಂದರ ಮೇಲೊಂದು ಬಂದುಹೋಗುತ್ತಿದ್ದವು. ‘ನಾನು ಹೇಳ್ಬೇಕಿತ್ತು, ಗೊತ್ತು’ ಎಂದ. ‘ಮತ್ತೆ ಯಾಕೆ ಹೇಳ್ಲಿಲ್ಲ?’ ‘ಹೇಳಿದ್ರೆ ನೀನು ಬೇಡ ಅಂತಿದ್ದೆ.’ ಇಷ್ಟು ಸರಳವಾದ ಉತ್ತರವನ್ನು ಅವಳು ನಿರೀಕ್ಷಿಸಿರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಂಡವು. ‘ಅದು ನಂದು ಕಣೋ. ನಿಂದಲ್ಲ. ಕೊಡೆ ಕೊಟ್ಟೆ, ಬಾಗಿಲು ಕೊಟ್ಟೆ, ನನ್ನ ಬಾಯಿ ಕೊಟ್ಟೆ, ಎಲ್ಲಾ ನೀನು ತಗೊಂಡೆ. ಇದೊಂದನ್ನ ಬಿಡೋಕಾಗ್ಲಿಲ್ವಾ ನಿಂಗೆ?’ ‘ಅದ್ರಲ್ಲಿ ನಿನ್ನ ಬಗ್ಗೆ ಒಂದು ಕೆಟ್ಟ ಮಾತಿದ್ರೆ ತೋರ್ಸು.’ ‘ಅದಕ್ಕೇ ಹೇಳ್ತಿರೋದು! ಒಳ್ಳೆಯವಳನ್ನ ಮಾಡಿ ಇಟ್ಟಿದೀಯಲ್ಲ, ನಿನ್ನ ಯಾರು ಕೇಳಿದ್ರು?’ ಅವನು ತಲೆ ಓರೆ ಮಾಡಿದ್ದ. ‘ತುಟಿ ಅಲ್ಲಾಡಿಸ್ಬೇಡ!’ ‘ಅಯ್ಯೋ, ಅಲ್ಲಾಡಿಸ್ತಿಲ್ಲ ಕಣೇ.’ ‘ಅಲ್ಲಾಡಿಸ್ತಿದೀಯ!’ ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಅದನ್ನು ಕಂಡು, ಇದೂ ಒಂದು ದಿನ ಬರುತ್ತದೆ, ಬಾಯಿಗೆ ಕೈ ಹಿಡಿದು ಕೂತ ಗಂಡ, ಎದುರಿಗೆ ಕೂಗುವ ಹೆಂಡತಿ, ಜನ ಹೊಟ್ಟೆ ಹಿಡಿದು ನಗುತ್ತಾರೆ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು. ಮೇಜಿನ ಮೇಲಿನ ಗುಂಡುಸೂಜಿಯ ಡಬ್ಬಿಯನ್ನು ಎತ್ತಿ ಗೋಡೆಗೆಸೆದಳು. ಸೂಜಿಗಳು ನೆಲದ ತುಂಬ ಹರಡಿದವು.

‘ನೋಡಿಲ್ಲಿ’ ಎಂದ ಅವನು ಆಮೇಲೆ, ಜ್ವರದ ಮಗುವನ್ನು ರಮಿಸುವ ದನಿಯಲ್ಲಿ. ‘ಬೈ, ಪರ್ವಾಗಿಲ್ಲ. ಆದ್ರೆ ಒಂದ್ಸಲ ಇದನ್ನ ನೋಡು. ಒಬ್ಬ ನರ್ಸು ಬರೆದಿದ್ದಾಳೆ, ಹತ್ತು ವರ್ಷದಿಂದ ಯಾರಿಗೂ ಹೇಳ್ದೇ ಇದ್ದಿದ್ದನ್ನ ನನಗೆ ಬರೆದಿದ್ದಾಳೆ. ಇನ್ನೊಬ್ರು, ಅವರಮ್ಮನ ವಿಷಯ. ಒಂದೇ ದಿನಕ್ಕೆ ಇಷ್ಟು ಜನ ಯಾವತ್ತೂ ಸೇರಿರ್ಲಿಲ್ಲ. ಬಾಗಿಲಿನ ಪತ್ರಕ್ಕೂ ಸೇರಿರ್ಲಿಲ್ಲ. ಸಾಮಾನ್ಯವಾಗಿ ಪ್ರತಿ ವಾರ ಹತ್ತಿಪ್ಪತ್ತು ಜನ ಬಿಟ್ಟು ಹೋಗ್ತಾರೆ, ಇವತ್ತು ಬಿಟ್ಟು ಹೋಗಿರೋರು ಒಬ್ರೇ ಒಬ್ರು.’ ಪರದೆಯ ಮೇಲೆ ಹಸಿರು ಗೆರೆಯೊಂದು ಗೋಡೆ ಹತ್ತುವ ಹಾಗೆ ನೆಟ್ಟಗೆ ಮೇಲೇರಿತ್ತು. ಪತ್ರಿಕೆ ಮುಚ್ಚಿದ ದಿನದ ಅವನ ಬೆನ್ನನ್ನು ಅವಳು ಮರೆತಿಲ್ಲ. ಈ ಗೆರೆ ಅವನ ಬೆನ್ನನ್ನು ಎತ್ತಿ ನಿಲ್ಲಿಸಿದೆ ಎಂಬುದೂ ಸುಳ್ಳಲ್ಲ. ‘ಯಾರದು?’ ಎಂದಳು. ‘ಯಾವುದು?’ ‘ಬಿಟ್ಟು ಹೋದವರು.’ ಅದನ್ನು ಅವನು ನೋಡಿರಲೇ ಇಲ್ಲ. ಒಂದನ್ನು ಯಾರು ನೋಡುತ್ತಾರೆ? ಎರಡು ಕಡೆ ಒತ್ತಿದ, ಸಾಲು ತೆರೆದುಕೊಂಡಿತು. ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಅವಳು ಬಗ್ಗಿ ನೋಡಿದಳು. ತಾನೇ ಒಂದು ಭಾನುವಾರ ಒಂದೊಂದಕ್ಷರ ನೋಡಿ ತುಂಬಿದ್ದ ವಿಳಾಸ. ಬೆಳಿಗ್ಗೆ ಬಂದ ಪತ್ರವನ್ನು ಕೊನೆಯವರೆಗೆ ಓದಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಇನ್ನು ಮುಂದೆ ಬೇಡ ಎಂಬುದನ್ನು ಹುಡುಕಿ ಒತ್ತಿ ಹೋಗಿದ್ದಳು ಹುಡುಗಿ. ಕಾರಣ ಬರೆಯುವ ಜಾಗ ಖಾಲಿ ಬಿಟ್ಟಿದ್ದಳು. ಗಂಡ ಗಂಟಲು ಸರಿಮಾಡಿಕೊಂಡ. ಏನು ಹೇಳಬಹುದೆಂದು ಅವಳು ಕಾದಳು. ಏನೇ ಹೇಳಿದ್ದರೂ ಕೇಳಿಸಿಕೊಳ್ಳುತ್ತಿದ್ದಳೇನೋ. ‘ಅವಳನ್ನ ಮತ್ತೆ ಸೇರಿಸ್ಲಾ?’ ಎಂದು ಕೇಳಿದ.

ಕನ್ನಡಕದ ಅಂಗಡಿಯಲ್ಲಿ ಸಂಜೆಯ ಗಿರಾಕಿಗಳಿದ್ದರು. ತಂಗಿಯ ಮಗಳು ಕೌಂಟರಿನ ಹಿಂದೆ ನಿಂತು ಒಬ್ಬ ಹೆಂಗಸಿನ ಕಿವಿಯ ಹಿಂದೆ ಕಡ್ಡಿ ಒತ್ತುತ್ತದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದಳು. ಬಾಗಿಲ ಸದ್ದಿಗೆ ತಲೆಯೆತ್ತಿ, ದೊಡ್ಡಮ್ಮನನ್ನು ಕಂಡು, ‘ಕೂತ್ಕೊಳ್ಳಿ’ ಎಂದಳು, ಎಲ್ಲ ಗಿರಾಕಿಗಳಿಗೆ ಹೇಳುವ ಹಾಗೆ. ಅವಳು ಕೂತಳು. ಪಕ್ಕದಲ್ಲಿದ್ದವನೊಬ್ಬ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮುಖವೆತ್ತಿ ಕೂತಿದ್ದ. ಹುಡುಗಿ ಸಣ್ಣ ತಿರುಪನ್ನು ಬಿಗಿ ಮಾಡಿದಳು, ಬಿಸಿಗಾಳಿಯಲ್ಲಿ ಕಡ್ಡಿ ಬಗ್ಗಿಸಿದಳು. ಅಮ್ಮನ ಕೈ. ಹೆಂಗಸು ಹೋದ ಮೇಲೆ ಅವಳೇ ಎದ್ದು ಕೌಂಟರಿಗೆ ಹೋದಳು. ‘ಕೆಲಸದ ಹೊತ್ತು ದೊಡ್ಡಮ್ಮ, ಸಾಹುಕಾರ್ರು ಒಳಗಿದ್ದಾರೆ’ ಎಂದಳು ಹುಡುಗಿ. ‘ನಿಂತ್ಕೊಂಡೇ ಮಾತಾಡ್ತೀನಿ.’ ಹುಡುಗಿ ಬಟ್ಟೆ ತೆಗೆದುಕೊಂಡು ಯಾರದೋ ಕನ್ನಡಕದ ಗಾಜು ಒರೆಸತೊಡಗಿದಳು. ‘ಅಮ್ಮಂಗೆ ಗೊತ್ತಿರ್ಲಿಲ್ವಾ?’ ‘ಇಲ್ಲ.’ ‘ನಿಮಗೊಬ್ರಿಗೇ.’ ‘ಹೂಂ.’ ‘ಆ ವಾರ ನಾನೂ ಅಮ್ಮನೂ ಮಾತು ಬಿಟ್ಟಿದ್ವಿ. ಅದು ಗೊತ್ತಾ ನಿಮಗೆ?’

ಗೊತ್ತಿರಲಿಲ್ಲ. ಹುಡುಗಿ ದನಿ ಏರಿಸದೆ, ಒಳಬಾಗಿಲ ಕಡೆ ಒಂದು ಕಣ್ಣಿಟ್ಟು ಹೇಳಿದಳು. ಅಮ್ಮನ ಒಂದು ಜೊತೆ ಚಪ್ಪಲಿಗೆ ಶುರುವಾದ ಜಗಳ, ಇವಳು ಕೇಳದೆ ಹಾಕಿಕೊಂಡು ಹೋಗಿ ಕಿತ್ತುಕೊಂಡು ಬಂದದ್ದಕ್ಕೆ. ಅಮ್ಮ ತಾನಾಗಿ ಸೋತು, ಸಮುದ್ರಕ್ಕೆ ನೀನೂ ಬಾರೇ ಎಂದು ಎರಡು ಸಲ ಕರೆದಳು. ಪರೀಕ್ಷೆಯಿದೆ ಎಂದಳು ಇವಳು. ಯಾವ ಪರೀಕ್ಷೆಯೂ ಇರಲಿಲ್ಲ. ಮೂರು ದಿನ ಅಮ್ಮ ಕಳಿಸಿದ ಫೋಟೋಗಳಿಗೆ ಉತ್ತರ ಕೊಡದೆ, ಮಲಗಿಕೊಂಡು ಸೀಲಿಂಗ್ ನೋಡಿದಳು. ಶನಿವಾರ ಅಮ್ಮ ಬಂದಳು, ಡಾಕ್ಟರು ಹೇಳಿದರು, ಆಮೇಲೆ ಅಮ್ಮ ನಕ್ಕದ್ದೆಲ್ಲ ಇವಳನ್ನು ನಗಿಸಲಿಕ್ಕೆ ನಕ್ಕದ್ದೇ ಹೊರತು ತನಗಾಗಿ ನಕ್ಕಳೆಂದು ಇವಳಿಗೆ ಯಾವತ್ತೂ ಅನ್ನಿಸಲಿಲ್ಲ. ‘ಆ ಫೋಟೋದಲ್ಲಿ ಅಮ್ಮ ಪಕ್ಕ ನಾನಿರ್ಬೇಕಿತ್ತು. ನೀವು ನಂಗೆ ವಿಷಯ ಹೇಳ್ದಿದ್ರೂ ಹೋಗ್ಲಿ, ಹೋಗೇ ಅಮ್ಮನ ಜೊತೆ ಅಂತ ಬೈದು ಕಳಿಸಿದ್ರೆ ಸಾಕಿತ್ತು. ಎಲ್ಲರಿಗೂ ಬೈತೀರ. ಆವತ್ತು ನಂಗೊಂದ್ಮಾತು ಬೈಲಿಲ್ಲ.’

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ಗಾಜಿನ ಕೆಳಗೆ ಖಾಲಿ ಚೌಕಟ್ಟುಗಳು ಸಾಲಾಗಿದ್ದವು. ‘ಪುಟ್ಟೀ, ಗೊತ್ತಾಗೋದಕ್ಕೆ ಮುಂಚಿನ ಮೂರು ದಿನ ಅವಳಿಗೆ ಪೂರ್ತಿ ಸಿಗ್ಲಿ ಅಂತ…’ ‘ಅದನ್ನ ಓದಿದೀನಿ’ ಎಂದಳು ಹುಡುಗಿ. ‘ನನಗೆ ಬಾಯೇ ಬರ್ಲಿಲ್ಲ ಕಣೇ, ಅವಳು ನನ್ನ ಮುಖ ನೋಡಿ…’ ‘ಅದೂ ಇದೆ ಅದ್ರಲ್ಲಿ.’ ಹುಡುಗಿ ಸಿಟ್ಟಿನಿಂದಲೂ ಹೇಳಲಿಲ್ಲ, ಕೇಳಿದ ಬಣ್ಣ ಅಂಗಡಿಯಲ್ಲಿಲ್ಲ ಎನ್ನುವ ಹಾಗೆ ಹೇಳಿದಳು. ಅವಳು ಇನ್ನೊಂದು ವಾಕ್ಯಕ್ಕೆ ಕೈ ಹಾಕಿದಳು, ಅದೂ ಗಂಡನದೇ. ರಾತ್ರಿಯೆಲ್ಲ ಫೋಟೋ ನೋಡುತ್ತ ಕೂತದ್ದು, ಶನಿವಾರ ಬಾರದಿರಲಿ ಎಂದುಕೊಂಡದ್ದು, ಒಂದೊಂದೂ ನಿಜ, ಒಂದೊಂದನ್ನೂ ಅವನ ಪತ್ರದ ಶಬ್ದಗಳಲ್ಲೇ ಬಾಯಿ ಜೋಡಿಸಿ ಕೊಡುತ್ತಿತ್ತು. ಈ ಮಗುವಿನ ಮುಂದೆ ಇಡಲು ತನ್ನದು ಅಂತ ಏನನ್ನೂ ಉಳಿಸಿಲ್ಲ ಅವನು. ನಾಲ್ಕು ಸಾವಿರ ಜನ ಕೈಯಾಡಿಸಿಬಿಟ್ಟಿದ್ದಾರೆ. ಅವಳಿಗೆ ಎಂಥ ರೋಷ ಬಂತೆಂದರೆ, ಆ ರೋಷದ ಹಿಂದೆಯೇ, ಅದರದೇ ಮುಖದ ಇನ್ನೊಂದು ರೋಷ ನೆನಪಾಯಿತು, ಎರಡು ವರ್ಷದ ಹಿಂದಿನದು, ಗಾಜಿನ ಹಿಂದೆ ನಿಂತಾಗಿನದು.

‘ಸಿಟ್ಟು ಬಂತು ಕಣೇ ನಂಗೆ’ ಎಂದಳು. ದನಿ ಒರಟಾಗಿತ್ತು. ‘ಆ ಚಿತ್ರ ನೋಡಿದ ಕೂಡ್ಲೇ. ಅಯ್ಯೋ ಅನ್ನಿಸ್ಲಿಲ್ಲ. ಅವಳ ಮೇಲೆ ಸಿಟ್ಟು ಬಂತು. ನಾನು ಇದೇ ಕೆಲಸದಲ್ಲಿದೀನಿ, ಎರಡು ಬಸ್ ದೂರ, ಆರು ತಿಂಗಳು ಕೆಮ್ಕೊಂಡು ಕೂತಿದ್ದು ಈಗ ಬಂದು ಅಂಗಿ ಹಾಕ್ಕೊಂಡು ಕುಣೀತಾಳಲ್ಲ ದರಿದ್ರದವಳು ಅಂತ. ಕಪಾಳಕ್ಕೆ ಹೊಡೀಬೇಕು ಅನ್ನಿಸ್ತು. ಹೋಗು, ಸಮುದ್ರಕ್ಕಾದ್ರೂ ಹೋಗು, ಎಲ್ಲಿಗಾದ್ರೂ ಹೋಗು, ನನ್ನ ಕಣ್ಣಿಂದ ದೂರ ಹೋಗು ಅಂತ ಕಳಿಸ್ದೆ. ಪ್ರೀತಿಗಲ್ಲ. ನಿನ್ನ ನೆನಪಂತೂ ಬರ್ಲೇ ಇಲ್ಲ.’

ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದವನು ಸದ್ದಾಗದ ಹಾಗೆ ಕುರ್ಚಿಯಲ್ಲಿ ಹೊರಳಿದ. ಹುಡುಗಿ ಒರೆಸುವುದನ್ನು ನಿಲ್ಲಿಸಿದ್ದಳು. ಕೆಳದುಟಿ ಕಚ್ಚಿಕೊಂಡಿದ್ದಳು, ಮೂಗಿನ ತುದಿ ಕೆಂಪಾಗಿತ್ತು. ಬೈಯುತ್ತಾಳೆ, ಬೈಯಲಿ, ಕೈಯಲ್ಲಿರುವುದನ್ನು ಮುಖಕ್ಕೆ ಎಸೆಯಲಿ ಎಂದು ಅವಳು ಅಲ್ಲಾಡದೆ ನಿಂತಳು. ಒಳಗಿನಿಂದ ಸಾಹುಕಾರರು ಕೆಮ್ಮಿ ಹುಡುಗಿಯನ್ನು ಕೂಗಿದರು. ಬಂದೆ ಎಂದು ಹುಡುಗಿ ಕನ್ನಡಕವನ್ನು ಡಬ್ಬಿಯೊಳಗಿಟ್ಟು ಮುಚ್ಚಿ, ದೊಡ್ಡಮ್ಮನ ಕಡೆ ನೋಡದೆಯೇ ಹೇಳಿದಳು:

‘ಇದನ್ನ ದೊಡ್ಡಪ್ಪಂಗೆ ಹೇಳ್ಬೇಡಿ.’